ಜೇನುಪೆಟ್ಟಿಗೆಯ ಬಾಗಿಲಲ್ಲಿ ಕಣಜ: ಒಂದು ಅಧ್ಯಯನ ಟಿಪ್ಪಣಿ

‘ಆಕ್ರಮಣಕಾರಿ ಪ್ರಭೇದ’ ಎಂದೊಡನೆ ನಮ್ಮಲ್ಲಿ ಹಲವರಿಗೆ ಉಗ್ರ ಸ್ವಭಾವದ ಕೀಟವೇ ನೆನಪಾಗುತ್ತದೆ. ಆದರೆ ಹೊರನಾಡಿನಿಂದ ಬಂದು ನೆಲೆಯೂರಿ, ಅಲ್ಲಿನ ಜೀವಿಗಳಿಗೆ ಹಾನಿ ಮಾಡುವ ಪ್ರಭೇದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ಈ ಲೆಕ್ಕದಲ್ಲಿ ಮಂಡ್ಯದ ತೆಂಗಿನ ತೋಟಗಳಲ್ಲಿ ಪೆಟ್ಟಿಗೆಗೆ ಎರಗುವ ಕಣಜ ಇಲ್ಲಿಯದೇ. ಹೊರಗಿನಿಂದ ಬಂದು 1960ರ ದಶಕದಲ್ಲಿ ಭಾರತದಲ್ಲಿ ನೆಲೆಗೊಂಡದ್ದು ಮೆಲ್ಲಿಫೆರಾ ಎಂಬ ಯುರೋಪಿನ ಜೇನು.

ಪಾಂಡವಪುರದ ಬಳಿಯ ತೋಟವೊಂದರಲ್ಲಿ ಇಲ್ಲಿಯದೇ ಆದ ತುಡುವೆ ಜೇನಿನ ಮತ್ತು ಮೆಲ್ಲಿಫೆರಾದ ಪೆಟ್ಟಿಗೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದರು. (ಒಂದರ ತುಪ್ಪವನ್ನು ಇನ್ನೊಂದು ಕದಿಯುವುದರಿಂದ ಹೀಗೆ ಇಡಬಾರದು, ಅಂದು ನಮಗೆ ತೋರಿಸಲೆಂದೇ ಇಟ್ಟದ್ದು.) ಕಣಜ ಎದುರಿಗೆ ಬಂದು ತೇಲಿದಾಗ ತುಡುವೆ ನೊಣಗಳು ಅಡಿಮಣೆಯ ಮೇಲೆ ಒತ್ತೊತ್ತಾಗಿ ಸೇರಿ, ಹಿಂಭಾಗವನ್ನು ಅಲೆಯಂತೆ ಅದುರಿಸಿದವು, ಮೆಲ್ಲಿಫೆರಾ ನೊಣಗಳು ಒಂದೊಂದಾಗಿ ಮೇಲೆ ಬಿದ್ದು ತುಂಡಾದವು. ಕಣಜ ಇನ್ನೂ ಹತ್ತಿರ ಬಂದರೆ ತುಡುವೆ ನೊಣಗಳು ನೂರಾರು ಸಂಖ್ಯೆಯಲ್ಲಿ ಅದನ್ನು ಉಂಡೆಯಾಗಿ ಮುತ್ತಿ, ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಒಳಗಿನ ಶಾಖವನ್ನು ಸುಮಾರು 46 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತವೆ. ಸುಮಾರು 50 ಡಿಗ್ರಿಯವರೆಗೂ ತಾಳಬಲ್ಲ ನೊಣ ಉಳಿಯುತ್ತದೆ, ಕಣಜ ಬೆಂದು ಸಾಯುತ್ತದೆ. ಏಷ್ಯಾದ ಕಣಜಗಳೊಡನೆ ಬಹುಕಾಲ ಬಾಳಿ ಕಲಿತ ವಿದ್ಯೆ ಇದು.

ಯುರೋಪಿನ ಜೇನಿಗೆ ಈ ಪರಿಚಯವೇ ಇರಲಿಲ್ಲ. ಫ್ರಾನ್ಸಿನಲ್ಲಿ 2004ರಲ್ಲಿ ಕಾಣಿಸಿಕೊಂಡ ಹಳದಿ ಕಾಲಿನ ಏಷ್ಯಾದ ಕಣಜವು ಹಲವು ಗಂಡುಗಳೊಡನೆ ಕೂಡಿದ್ದ ಒಂದೇ ರಾಣಿಯ ಸಂತತಿಯಿರಬೇಕು ಎಂದು ವಂಶವಾಹಿ ಅಧ್ಯಯನ ಸೂಚಿಸಿದೆ. ಅದು ಹಿಡಿದೊಯ್ಯುವ ನೊಣಗಳಿಗಿಂತ ಅದರ ಭಯವೇ ಹೆಚ್ಚು ದುಬಾರಿ: ಬಾಗಿಲಲ್ಲಿ ಕಣಜ ಕಾದಿದ್ದರೆ ನೊಣಗಳು ಮೇವಿಗೆ ಹೊರಡುವುದೇ ಇಲ್ಲ, ದಾಸ್ತಾನು ಕರಗಿ ಜೇನು ಕುಟುಂಬ ಚಳಿಗಾಲದಲ್ಲಿ ಕುಸಿಯುತ್ತದೆ.

ಆದ್ದರಿಂದ ರಕ್ಷಣೆಯ ಮೊದಲ ಕೆಲಸ ಬಾಗಿಲಿನದು. ಪ್ರವೇಶದ ಎತ್ತರವನ್ನು ಸುಮಾರು 5.5 ಮಿಲಿಮೀಟರ್‌ಗೆ ಇಳಿಸಿದರೆ ನೊಣ ನುಸುಳುತ್ತದೆ, ಕಣಜ ಒಳಹೋಗಲಾರದು. ಮುಂದೆ ತಂತಿಬಲೆಯ ಗೂಡು ಕಟ್ಟಿದರೆ ಅದು ದೂರವೇ ನಿಲ್ಲುತ್ತದೆ. ಸಕ್ಕರೆ ಪಾಕದ ಬೋನುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ, ಏಕೆಂದರೆ ಚಿಟ್ಟೆ ಮೊದಲಾದ ಬೇರೆ ಕೀಟಗಳೂ ಅದರಲ್ಲಿ ಬಿದ್ದು ಸಾಯುತ್ತವೆ. ನಮ್ಮ ತೋಟದವರು ಸೊಳ್ಳೆ ಬ್ಯಾಟ್ ಹಿಡಿದು ನಿಲ್ಲುತ್ತಾರೆ. ನಾಲ್ಕೈದು ಪೆಟ್ಟಿಗೆಗಳಿಗೆ ಅದು ಸಾಕು. ಕಿರಿದು ಮಾಡಿದ ಬಾಗಿಲಲ್ಲಿ ಸತ್ತ ನೊಣಗಳು ಸಿಕ್ಕಿಕೊಳ್ಳುವುದರಿಂದ, ದಿನವೂ ಬೆಳಿಗ್ಗೆ ಒಂದು ತೆಂಗಿನ ಕಡ್ಡಿಯಿಂದ ಅವನ್ನು ಬಿಡಿಸಬೇಕು.