ಬೂಟ್ ಆಗದ ಕಂಪ್ಯೂಟರ್: ಮೊದಲು ಡಿಸ್ಕ್ ಕಾಣುತ್ತಿದೆಯೇ ನೋಡಿ
ಹಾರ್ಡ್ ಡಿಸ್ಕ್‌ನಿಂದ ಬೂಟ್ ಆಗದೆ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಸಂದೇಶ ತೋರಿಸಿ ನಿಂತುಬಿಟ್ಟರೆ, ಹಲವರು ಕೂಡಲೇ ವಿಂಡೋಸ್ ಅನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ಕೆಟ್ಟ ಡಿಸ್ಕ್‌ಗಿಂತ ಈ ಆತುರದಿಂದಲೇ ಕಡತಗಳನ್ನು ಕಳೆದುಕೊಂಡವರು ನನ್ನ ಬಳಿ ಹೆಚ್ಚಾಗಿ ಬಂದಿದ್ದಾರೆ. 'ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ' ಎಂಬ ಅದೇ ಸಂದೇಶ ಸಡಿಲವಾದ ಕೇಬಲ್‌ನಿಂದಲೂ ಬರಬಹುದು, ಮರೆತು ಚುಚ್ಚಿಟ್ಟ ಪೆನ್‌ಡ್ರೈವ್‌ನಿಂದಲೂ ಬರಬಹುದು.

ಆದ್ದರಿಂದ ಹೊರಗಿನ ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆದು, ಬಯಾಸ್ ಸೆಟಪ್ (ವಿಂಡೋಸ್‌ಗೂ ಮೊದಲು ತೆರೆಯಬಹುದಾದ, ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆದು, ಅಲ್ಲಿ ಡಿಸ್ಕ್‌ನ ಹೆಸರು ಕಾಣುತ್ತಿದೆಯೇ ಎಂದು ನೋಡಬೇಕು. ಹೆಸರೇ ಇಲ್ಲವೆಂದರೆ ಯಾವ ಸಾಫ್ಟ್‌ವೇರ್ ದುರಸ್ತಿಯೂ ಉಪಯೋಗಕ್ಕೆ ಬಾರದು. ವಿದ್ಯುತ್ ಸಂಪರ್ಕ ತಪ್ಪಿಸಿ, ಡೇಟಾ ಮತ್ತು ಪವರ್ ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಕೂರಿಸಿ, ಸಾಧ್ಯವಾದರೆ ಬೇರೆ ಪೋರ್ಟ್‌ನಲ್ಲಿ ಪರೀಕ್ಷಿಸಬೇಕು.

ಹೆಸರು ಕಾಣುತ್ತಿದ್ದರೆ ಅಲ್ಲಿನ ಸೆಟ್ಟಿಂಗ್‌ಗಳತ್ತ ಗಮನ ಕೊಡಿ. ಗಡಿಯಾರ ಹಳೆಯ ದಿನಾಂಕ ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ, ಸಾಮಾನ್ಯವಾಗಿ ಸಿಆರ್2032, ಮುಗಿದಿರುವ ಸಂಭವ ಹೆಚ್ಚು. ಆಗ ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಮರಳಿ, ಬೂಟ್ ಕ್ರಮ ಮಾತ್ರವಲ್ಲದೆ ಸಾಟಾ ಮೋಡ್ (ಮದರ್‌ಬೋರ್ಡ್ ಡಿಸ್ಕ್‌ನೊಡನೆ ವ್ಯವಹರಿಸುವ ವಿಧಾನ) ಕೂಡ ಬದಲಾಗಬಹುದು. ರೇಡ್, ಎಎಚ್‌ಸಿಐ ಇಂಥ ಎರಡು ವಿಧಾನಗಳು. ರೇಡ್ ಮೋಡ್‌ನಲ್ಲಿ ಇನ್‌ಸ್ಟಾಲ್ ಆದ ವಿಂಡೋಸ್, ಎಎಚ್‌ಸಿಐಗೆ ಬದಲಾದೊಡನೆ ನೀಲಿ ಪರದೆ ತೋರಿಸಿ ನಿಲ್ಲುವುದು ಹೀಗೆಯೇ. ಜಿಪಿಟಿ ಎಂಬ ಹೊಸ ಮಾದರಿಯ ವಿಭಜನೆಯ ಡಿಸ್ಕ್‌ನಲ್ಲಿರುವ ವಿಂಡೋಸ್‌ಗೆ ಯುಇಎಫ್‌ಐ ಎಂಬ ಹೊಸ ಬೂಟ್ ಮೋಡ್ ಬೇಕು; ಲೆಗಸಿ ಎಂಬ ಹಳೆಯ ಮೋಡ್‌ನಲ್ಲಿ ಅದು ಬೂಟ್ ಆಗದು.

ಇವೆಲ್ಲ ಸರಿಯಿದ್ದರೂ ಬೂಟ್ ಆಗದಿದ್ದಾಗ, ಬೂಟ್ ಕಡತಗಳನ್ನು ಮುಟ್ಟುವ ಮೊದಲು ಡಿಸ್ಕ್‌ನ ಆರೋಗ್ಯವನ್ನು ಅರಿಯಬೇಕು. ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿ ಸ್ಮಾರ್ಟ್ ವರದಿಯನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ಓದಿದರೆ ಬಹಳಷ್ಟು ತಿಳಿಯುತ್ತದೆ. ಅದರಲ್ಲಿ 5 ಮತ್ತು 197 ಎಂಬ ಸಂಖ್ಯೆಯ ಸಾಲುಗಳು ಅನುಕ್ರಮವಾಗಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳನ್ನೂ (ಡಿಸ್ಕ್‌ನ ಸಣ್ಣ ತುಣುಕುಗಳು) ಓದಲಾಗದೆ ಬಾಕಿ ಉಳಿದವನ್ನೂ ಎಣಿಸುತ್ತವೆ. ಇವು ಏರುತ್ತಿದ್ದರೆ ಡಿಸ್ಕ್‌ನ ಮೇಲ್ಮೈ ಹಾಳಾಗುತ್ತಿದೆ. ಡೇಟಾ ಸಾಗಣೆಯಲ್ಲಾದ ದೋಷಗಳನ್ನು ಎಣಿಸುವ 199ನೇ ಸಾಲು ಮಾತ್ರ ಏರುತ್ತಿದ್ದರೆ ನನ್ನ ಅನುಮಾನ ಮೊದಲು ಕೇಬಲ್ ಮೇಲೆ. ಕೇಬಲ್ ಬದಲಿಸಿದ ಮೇಲೂ ಆ ಸಂಖ್ಯೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.

ಡಿಸ್ಕ್ ಸಾಯುತ್ತಿದೆ ಎಂದು ಕಂಡರೆ ವಿಂಡೋಸ್‌ನ ಡಿಸ್ಕ್ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಕಡತ ವ್ಯವಸ್ಥೆಯನ್ನು ಸರಿಪಡಿಸಲೆಂದು ಡಿಸ್ಕ್‌ನ ಮೇಲೆಯೇ ಬರೆಯುತ್ತದೆ, ಉಳಿಸಬಹುದಾಗಿದ್ದ ಕಡತಗಳೂ ಕೈತಪ್ಪಬಹುದು. ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಧನ ಬಳಸಿ ಇಡೀ ಡಿಸ್ಕ್‌ನ ಪ್ರತಿಯನ್ನು ಬೇರೊಂದಕ್ಕೆ ತೆಗೆಯುವುದು ಒಳ್ಳೆಯದು. ಅದು ಸುಲಭವಾಗಿ ಓದಸಿಗುವ ಭಾಗವನ್ನು ಮೊದಲು ಮುಗಿಸಿ, ಕಷ್ಟದ ಸೆಕ್ಟರ್‌ಗಳಿಗೆ ಕೊನೆಯಲ್ಲಿ ಮರಳುತ್ತದೆ. ಟಕ್ ಟಕ್ ಎಂದು ಸದ್ದು ಬರುತ್ತಿದ್ದರೆ ಪ್ರತಿ ತೆಗೆಯುವುದನ್ನೂ ಬಿಟ್ಟು, ವಿದ್ಯುತ್ ತೆಗೆದು ಡೇಟಾ ಮರುಪಡೆಯುವ ಪರಿಣತರಿಗೆ ಒಪ್ಪಿಸಬೇಕು.

ಡಿಸ್ಕ್ ಆರೋಗ್ಯವಾಗಿದ್ದರೆ ಉಳಿದದ್ದು ಸುಲಭ. ವಿಂಡೋಸ್ ರಿಕವರಿ ಎಂಬ ದುರಸ್ತಿ ಪರದೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಬಿಸಿಡಿಬೂಟ್ ಆಜ್ಞೆಯು ಬೂಟ್ ಕಡತಗಳನ್ನು ಹೊಸದಾಗಿ ಬರೆಯುತ್ತದೆ. ಅಲ್ಲಿ ವಿಂಡೋಸ್ ಇರುವ ಡ್ರೈವ್‌ನ ಅಕ್ಷರ ಎಂದಿನ ಸಿ ಆಗಿರದೆ ಡಿ ಆಗಿರಬಹುದು, ಮೊದಲೇ ಪರಿಶೀಲಿಸಿಕೊಳ್ಳಿ. ಡಿಸ್ಕ್‌ನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಕೈಯಲ್ಲಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಈ ಕೆಲಸಕ್ಕೆ ಇಳಿಯಿರಿ.