ಕಂಪನಿಯ ತಂಡಕ್ಕೆ ಊರಿನ ಹೆಸರು: ಜಪಾನ್ ರಗ್ಬಿ ಲೀಗ್‌ನ 2022ರ ಋತುವಿನ ಹಿನ್ನೆಲೆ

ಜಪಾನಿನ ಹೊಸ ರಗ್ಬಿ ಲೀಗ್ ಆದ ‘ಲೀಗ್ ಒನ್’ನ ಉದ್ಘಾಟನಾ ಪಂದ್ಯ 2022ರ ಜನವರಿ 7ರಂದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆಯಬೇಕಿತ್ತು. ಕುಬೋಟಾ ಸ್ಪಿಯರ್ಸ್ ಎದುರು ಆಡಬೇಕಿದ್ದ ಸೈತಾಮಾ ವೈಲ್ಡ್ ನೈಟ್ಸ್ ತಂಡದಲ್ಲಿ ಕೋವಿಡ್ ಕಾಣಿಸಿಕೊಂಡಿದ್ದರಿಂದ ಆ ಪಂದ್ಯವೇ ರದ್ದಾಯಿತು. ಸೈತಾಮಾ ತಂಡದ ಮೊದಲ ಎರಡು ಪಂದ್ಯಗಳನ್ನು ಆಡದೆಯೇ ಸೋತಂತೆ ಲೆಕ್ಕ ಹಿಡಿಯಲಾಯಿತು. ಆಮೇಲೆ ಕಣಕ್ಕಿಳಿದ ಒಂದು ಪಂದ್ಯದಲ್ಲೂ ಸೋಲದ ಅದೇ ತಂಡ, ಮೇ 29ರ ಫೈನಲ್‌ನಲ್ಲಿ ಟೋಕಿಯೊ ಸನ್‌ಗೋಲಿಯಾತ್ ತಂಡವನ್ನು 18-12ರಿಂದ ಮಣಿಸಿ ಲೀಗ್ ಒನ್‌ನ ಮೊದಲ ಚಾಂಪಿಯನ್ ಆಯಿತು. ಆ ಋತುವಿನ ಆಟದ ಕಥೆ ಇಷ್ಟರಲ್ಲಿ ಮುಗಿಯುತ್ತದೆ. ಆದರೆ ತಂಡಗಳ ಹೆಸರಿನ ಮುಂದೆ ಸೈತಾಮಾ, ಟೋಕಿಯೊ, ಕೋಬೆ ಎಂಬ ಊರುಗಳು ಬಂದು ಕೂತದ್ದರ ಹಿಂದೆ ದಶಕಗಳಷ್ಟು ಹಳೆಯ ತಕರಾರೊಂದಿದೆ. ರಗ್ಬಿ ತಂಡ ಯಾರದು, ಸಂಬಳ ಕೊಡುವ ಕಂಪನಿಯದೋ, ಚಪ್ಪಾಳೆ ತಟ್ಟುವ ಊರಿನದೋ ಎಂಬುದೇ ಆ ತಕರಾರು.

ಜಪಾನಿನಲ್ಲಿ ವಿಶ್ವವಿದ್ಯಾಲಯ ಮುಗಿಸಿದ ರಗ್ಬಿ ಆಟಗಾರನಿಗೆ ಮುಂದಿನ ದಾರಿ ಕಂಪನಿಯ ನೌಕರಿಯೇ ಆಗಿತ್ತು. ಹಗಲು ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿದು, ಸಂಜೆ ಕಂಪನಿಯ ಮೈದಾನದಲ್ಲಿ ಅಭ್ಯಾಸ ಮಾಡಿ, ಆಟ ನಿಲ್ಲಿಸಿದ ಮೇಲೂ ಅದೇ ಕಂಪನಿಯಲ್ಲಿ ನಿವೃತ್ತಿಯವರೆಗೆ ಉಳಿಯುವುದು ಅಲ್ಲಿನ ಪದ್ಧತಿ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಫುಟ್‌ಬಾಲ್ ತಂಡಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪದ್ಧತಿಯ ಅತಿ ದೊಡ್ಡ ಹೆಸರು ಕಾಮಾಯಿಶಿ. ಈಶಾನ್ಯ ಕರಾವಳಿಯ ಆ ಸಣ್ಣ ಊರಿನ ಉಕ್ಕಿನ ಕಾರ್ಖಾನೆಯ ತಂಡ 1979ರಿಂದ 1985ರವರೆಗೆ ಸತತ ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಕಂಪನಿ ತಂಡಗಳ ಚಾಂಪಿಯನ್ ಮತ್ತು ವಿಶ್ವವಿದ್ಯಾಲಯಗಳ ಚಾಂಪಿಯನ್ ಪ್ರತಿವರ್ಷ ಜನವರಿ 15ರಂದು ಮುಖಾಮುಖಿಯಾಗುತ್ತಿದ್ದ ಕಾಲವದು. ಭರ್ತಿ ಮೀನು ಹಿಡಿದು ದಡಕ್ಕೆ ಮರಳುವಾಗ ದೋಣಿಗೆ ಕಟ್ಟುವ ಬಣ್ಣಬಣ್ಣದ ಬಾವುಟಗಳನ್ನು ಕಾಮಾಯಿಶಿಯ ಜನ ಟೋಕಿಯೊದ ಗ್ಯಾಲರಿಗೆ ಹೊತ್ತು ತಂದು ಬೀಸುತ್ತಿದ್ದರು. ತಂಡವನ್ನು ಸಾಕಿದ್ದು ಕಂಪನಿಯಾದರೂ ಬಾವುಟ ಬೀಸಿದ್ದು ಊರು. ಕಾಮಾಯಿಶಿಯ ಕೊನೆಯ ಊದುಕುಲುಮೆ 1989ರಲ್ಲಿ ಆರಿತು. 2001ರಲ್ಲಿ ತಂಡ ‘ಕಾಮಾಯಿಶಿ ಸೀವೇವ್ಸ್’ ಎಂಬ ಊರಿನ ಕ್ಲಬ್ ಆಯಿತು. ಲೀಗ್ ಒನ್ 2022ರಲ್ಲಿ ಎಲ್ಲ ತಂಡಗಳಿಂದ ಬಯಸಿದ್ದನ್ನು ಈ ಊರು, ಬೇರೆ ದಾರಿ ಕಾಣದೆ, 20 ವರ್ಷ ಮೊದಲೇ ಮಾಡಿಕೊಂಡಿತ್ತು ಎನ್ನಬಹುದು.

ಕಾಮಾಯಿಶಿಯ ನಂತರ ಸತತ ಏಳು ಬಾರಿ ಗೆದ್ದದ್ದು ಕೋಬೆ ಸ್ಟೀಲ್. ಅದರ ಏಳನೆಯ ಗೆಲುವು ಬಂದದ್ದು 1995ರ ಜನವರಿ 15ರಂದು, ದಾಯಿತೊ ಬುಂಕಾ ವಿಶ್ವವಿದ್ಯಾಲಯದ ಎದುರು 102-14ರ ಅಂತರದಲ್ಲಿ. ಎರಡು ದಿನ ಕಳೆದು ಭೂಕಂಪ ಕೋಬೆ ನಗರವನ್ನು ಧ್ವಂಸ ಮಾಡಿತು. ಆ ಜೂನ್‌ನಲ್ಲಿ, ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ, ಜಪಾನ್ ತಂಡ ನ್ಯೂಜಿಲೆಂಡ್ ಎದುರು 145-17ರಿಂದ ಸೋತಿತು. ದೇಶದೊಳಗಿನ ಸ್ಪರ್ಧೆ ಎಷ್ಟು ಏಕಪಕ್ಷೀಯವಾಗಿತ್ತು, ಹೊರಗಿನ ಮಟ್ಟದಿಂದ ಎಷ್ಟು ಹಿಂದುಳಿದಿತ್ತು ಎಂಬುದು ಒಂದೇ ವರ್ಷದ ಈ ಎರಡು ಅಂಕಿಗಳಿಂದ ಬಯಲಾಯಿತು.

ಪರಿಹಾರವಾಗಿ 2003ರಲ್ಲಿ 12 ತಂಡಗಳ ‘ಟಾಪ್ ಲೀಗ್’ ಬಂತು. ಪ್ರಾದೇಶಿಕ ಕಂಪನಿ ಲೀಗ್‌ಗಳಲ್ಲಿ ಚದುರಿಹೋಗಿದ್ದ ಬಲಿಷ್ಠ ತಂಡಗಳು ಒಂದೆಡೆ ಸೇರಿದವು. ಮೊದಲ ಪ್ರಶಸ್ತಿ ಕೋಬೆಯದಾಯಿತು, ಬಳಿಕ ತೋಷಿಬಾ, ಸನ್‌ಟೋರಿ, ಪ್ಯಾನಸಾನಿಕ್ ತಂಡಗಳು ಹೆಚ್ಚುಕಡಿಮೆ ಸರದಿಯ ಮೇಲೆ ಗೆದ್ದವು. ಆಟದ ಮಟ್ಟ ಏರಿತು, ವಿದೇಶಿ ಆಟಗಾರರೂ ಬಂದರು. ಮಾಲೀಕತ್ವ ಮಾತ್ರ ಕದಲಲಿಲ್ಲ. ಪಂದ್ಯ ನಡೆಸುವ ಹಕ್ಕು ರಗ್ಬಿ ಒಕ್ಕೂಟದ ಕೈಯಲ್ಲಿತ್ತು. ಆದ್ದರಿಂದ ತಂಡಕ್ಕೆ ತನ್ನದೇ ಆದ ತವರು ಮೈದಾನವಾಗಲಿ, ಟಿಕೆಟ್ ಮಾರಿ ಸಂಪಾದಿಸಬೇಕೆಂಬ ಒತ್ತಡವಾಗಲಿ ಇರಲಿಲ್ಲ. ಫುಟ್‌ಬಾಲ್‌ನ ಜೆ ಲೀಗ್ 1993ರಲ್ಲೇ ಕಂಪನಿಯ ಹೆಸರು ಕೈಬಿಟ್ಟು ಊರಿನ ಹೆಸರು ಹಿಡಿದಿದ್ದರೂ ರಗ್ಬಿ ಆ ದಾರಿಗೆ ಬರಲಿಲ್ಲ.

ಇದರ ಫಲ 2015ರ ನವೆಂಬರ್‌ನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಜಪಾನ್ ದಕ್ಷಿಣ ಆಫ್ರಿಕಾವನ್ನು 34-32ರಿಂದ ಸೋಲಿಸಿದ್ದರಿಂದ ದೇಶಕ್ಕೆ ದೇಶವೇ ರಗ್ಬಿಯ ಗುಂಗಿನಲ್ಲಿತ್ತು. ಟಾಪ್ ಲೀಗ್‌ನ ಮೊದಲ ಪಂದ್ಯದ ಟಿಕೆಟ್‌ಗಳು ಮುಗಿದಿವೆ ಎಂದು ಒಕ್ಕೂಟ ಹೇಳಿತ್ತು. ಆದರೆ ಪಂದ್ಯದ ದಿನ ಚಿಚಿಬುನೊಮಿಯಾ ಕ್ರೀಡಾಂಗಣದ ಸುಮಾರು ಅರ್ಧ ಆಸನಗಳು ಖಾಲಿ ಹೊಡೆದವು. ಕಂಪನಿಗಳಿಗೆ ಸಗಟಾಗಿ ಕೊಟ್ಟಿದ್ದ ಟಿಕೆಟ್‌ಗಳು ಬಳಕೆಯಾಗಿರಲಿಲ್ಲ, ದುಡ್ಡು ಕೊಟ್ಟು ನೋಡಲು ಸಿದ್ಧರಿದ್ದವರು ಟಿಕೆಟ್ ಇಲ್ಲವೆಂದು ಹೊರಗುಳಿದಿದ್ದರು. ನನ್ನ ಮಟ್ಟಿಗೆ ಟಾಪ್ ಲೀಗ್‌ನ ನಿಜವಾದ ಕಾಯಿಲೆ ಯಾವ ಸೋಲಿಗಿಂತಲೂ ಹೆಚ್ಚಾಗಿ ಆ ಖಾಲಿ ಕುರ್ಚಿಗಳಲ್ಲಿ ಕಾಣಿಸುತ್ತದೆ.

ಜಪಾನ್ 2019ರ ವಿಶ್ವಕಪ್ಪನ್ನು ತಾನೇ ನಡೆಸುವ ಹೊತ್ತಿಗೆ ಒಕ್ಕೂಟದ ಉಪಾಧ್ಯಕ್ಷರಾಗಿದ್ದ ಕಿಯೋಮಿಯಾ ಕತ್ಸುಯುಕಿ, ಪೂರ್ಣ ವೃತ್ತಿಪರ ಲೀಗ್‌ನ ಯೋಜನೆ ಮುಂದಿಟ್ಟರು. ತಂಡಗಳು ಸ್ವತಂತ್ರ ಸಂಸ್ಥೆಗಳಾಗಿ, ತಮ್ಮ ಊರಿನಲ್ಲಿ ಬೇರೂರಿ, ತಾವೇ ದುಡಿದು ಬದುಕಬೇಕು ಎಂಬುದು ಅದರ ಸಾರ. ಕಂಪನಿಗಳಿಗೆ ಇದು ರುಚಿಸಲಿಲ್ಲ. ನೌಕರ ಆಟಗಾರರ ಭವಿಷ್ಯ, ನಷ್ಟದ ಭಯ, ತಾವು ಬೆಳೆಸಿದ ಹೆಸರಿನ ಮೇಲಿನ ಮೋಹ ಎಲ್ಲವೂ ಅಡ್ಡಬಂದವು. ಅಷ್ಟರಲ್ಲಿ 2020ರ ಋತು, ಒಬ್ಬ ಆಟಗಾರನ ಮಾದಕವಸ್ತು ಪ್ರಕರಣ ಮತ್ತು ಕೋವಿಡ್ ಎರಡೂ ಕೂಡಿ ಬಂದು, ಅರ್ಧಕ್ಕೇ ನಿಂತಿತು. ಮರುವರ್ಷದ ಮೇ 23ರಂದು ಪ್ಯಾನಸಾನಿಕ್ 31-26ರಿಂದ ಸನ್‌ಟೋರಿಯನ್ನು ಸೋಲಿಸುವುದರೊಂದಿಗೆ ಟಾಪ್ ಲೀಗ್‌ಗೆ ತೆರೆ ಬಿತ್ತು.

ಹೀಗಾಗಿ 2022ರಲ್ಲಿ ಬಂದದ್ದು ರಾಜಿಯ ರೂಪ. ಮೂರು ವಿಭಾಗಗಳಲ್ಲಿ 24 ತಂಡಗಳಿದ್ದವು. ಪಂದ್ಯ ನಡೆಸುವ ಹಕ್ಕು ತಂಡಗಳಿಗೆ ಸಿಕ್ಕಿತು, ತವರು ಪ್ರದೇಶ ಕಡ್ಡಾಯವಾಯಿತು, ಆದರೆ ಕಂಪನಿಯ ಹೆಸರು ಉಳಿಸಿಕೊಳ್ಳಲು ಅಡ್ಡಿಯಿರಲಿಲ್ಲ. ಪ್ಯಾನಸಾನಿಕ್ ತಂಡ ಗುನ್ಮಾ ಪ್ರಾಂತ್ಯದ ಓತಾ ಬಿಟ್ಟು ಸೈತಾಮಾದ ಕುಮಗಾಯಾಕ್ಕೆ ಬಂದು ಸೈತಾಮಾ ವೈಲ್ಡ್ ನೈಟ್ಸ್ ಆಯಿತು. ಯಮಾಹಾದ ತಂಡ ಪ್ರತ್ಯೇಕ ಸಂಸ್ಥೆಯಾಗಿ, ಕಂಪನಿಯ ಹೆಸರನ್ನೇ ಬಿಟ್ಟು, ‘ಶಿಜುವೊಕಾ ಬ್ಲೂ ರೆವ್ಸ್’ ಆಯಿತು. ತೊಯೋಟಾ ವೆರ್‌ಬ್ಲಿಟ್ಸ್ ಏನನ್ನೂ ಸೇರಿಸಬೇಕಾಗಲಿಲ್ಲ, ಏಕೆಂದರೆ ಅದರ ಊರಿನ ಹೆಸರೂ ತೊಯೋಟಾ. ಕೊರೊಮೊ ಎಂದಿದ್ದ ಆ ನಗರಕ್ಕೆ ಕಾರು ಕಂಪನಿಯ ಹೆಸರನ್ನು 1959ರಲ್ಲೇ ಇಡಲಾಗಿತ್ತು!

ರಾಜಿಯ ಮಿತಿ ತಿಳಿಯಲು ಆ ಋತು ಮುಗಿಯುವವರೆಗೂ ಕಾಯಬೇಕಾಗಲಿಲ್ಲ. ಮೂರನೆಯ ವಿಭಾಗದ ಮುನಕತಾ ಸ್ಯಾನಿಕ್ಸ್ ಬ್ಲೂಸ್ ತಂಡವನ್ನು ನಿಲ್ಲಿಸುವುದಾಗಿ ಅದರ ಮಾತೃಸಂಸ್ಥೆ ಮಾರ್ಚ್‌ನಲ್ಲೇ ಘೋಷಿಸಿತು. ಹೆಸರಿನಲ್ಲಿ ಊರಿದ್ದರೂ ತಂಡದ ಅಳಿವು ಉಳಿವು ಕಂಪನಿಯ ಕೈಯಲ್ಲೇ ಇತ್ತು.

ಆದರೂ ಜನ ಬಂದರು. ಮೊದಲ ಫೈನಲ್‌ಗೆ 33 ಸಾವಿರ ದಾಟಿದ ಪ್ರೇಕ್ಷಕರ ಸಂಖ್ಯೆ 2024ರ ಮೇ ತಿಂಗಳ ಫೈನಲ್‌ಗೆ 56 ಸಾವಿರ ಮೀರಿತು. ಆ ದಿನ ಸೈತಾಮಾವನ್ನು 24-20ರಿಂದ ಸೋಲಿಸಿದ ತಂಡ ತೋಷಿಬಾ ಬ್ರೇವ್ ಲೂಪಸ್ ಟೋಕಿಯೊ. ಅದರ ಒಡೆಯ ತೋಷಿಬಾ ಕಂಪನಿ, ವರ್ಷಗಟ್ಟಲೆ ಹಗರಣ ಮತ್ತು ನಷ್ಟದಲ್ಲಿ ನರಳಿ, ಕೇವಲ ಐದು ತಿಂಗಳ ಹಿಂದೆ ಷೇರುಪೇಟೆಯಿಂದಲೇ ಹೊರಬಿದ್ದಿತ್ತು.