ಸಿಡ್ ಬ್ಯಾರೆಟ್: ಮೊದಲು ಗಿಟಾರ್ ಕೇಳಿ, ಕಥೆ ಆಮೇಲೆ

ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಕೇಳುವ ಬಹಳ ಮಂದಿಗೆ, ಅದರ ಶುರುವಿನ ದಿನಗಳ ಗಿಟಾರ್ ವಾದಕ ಸಿಡ್ ಬ್ಯಾರೆಟ್ ಅಂದರೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಡ್ರಗ್ ತಗೊಂಡು ತಲೆ ಕೆಟ್ಟ ಹುಡುಗ, ಅಷ್ಟೇ. ಅವನು ಎಲ್‌ಎಸ್‌ಡಿ ತಗೊಳ್ಳುತ್ತಿದ್ದುದು ನಿಜ, ಮನಸ್ಸು ಹದಗೆಟ್ಟಿದ್ದೂ ನಿಜ. ಆದರೆ ಆ ಕಥೆಯನ್ನೇ ಮುಂದಿಟ್ಟುಕೊಂಡು ಕೂತರೆ ಅವನ ಕೈಕೆಲಸ ಕಿವಿಗೆ ಬೀಳುವುದೇ ಇಲ್ಲ. ಸೈಕೆಡೆಲಿಕ್ ರಾಕ್ (ಕನಸಿನಂಥ, ಭ್ರಮೆಯಂಥ ಸದ್ದಿನ ರಾಕ್) ಕಲಿಯುವವರಿಗೆ ಬೇಕಾಗಿರುವುದು ಆ ಕೈಕೆಲಸ.

ಹಿನ್ನೆಲೆ ಚುಟುಕಾಗಿ ಸಾಕು. ಮನೆಯಲ್ಲಿ ಇಟ್ಟ ಹೆಸರು ರೋಜರ್ ಕೀತ್ ಬ್ಯಾರೆಟ್. ಹುಟ್ಟಿದ್ದು 1946ರ ಜನವರಿ 6, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಅಪ್ಪ ಡಾಕ್ಟರು, 1961ರಲ್ಲಿ ತೀರಿಕೊಂಡರು. 1964ರಲ್ಲಿ ಸಿಡ್ ಚಿತ್ರಕಲೆ ಓದಲು ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಗೆ ಹೋದ. ಊರಿನ ಗೆಳೆಯ ರೋಜರ್ ವಾಟರ್ಸ್ ಅಲ್ಲಿ ಆಗಲೇ ಒಂದು ಬ್ಯಾಂಡಿನಲ್ಲಿದ್ದ. ಸಿಡ್ ಸೇರಿಕೊಂಡ. ಮುಂದೆ ಪಿಂಕ್ ಫ್ಲಾಯ್ಡ್ ಆದದ್ದು ಅದೇ ಬ್ಯಾಂಡ್.

ಈಗ ಗಿಟಾರ್. ಅವನ ಹತ್ತಿರ ಇದ್ದದ್ದು ಒಂದೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇರುವ ಫೆಂಡರ್ ಎಸ್ಕ್ವೈರ್. ಅದರ ಮೇಲೆ ದುಂಡನೆಯ ಕನ್ನಡಿಗಳನ್ನು ಅಂಟಿಸಿದ್ದ, ಸ್ಟೇಜಿನ ಬೆಳಕು ಅದಕ್ಕೆ ಬಡಿದು ಸಭಿಕರ ಮೇಲೆ ಚೆಲ್ಲಲಿ ಅಂತ. ತಂತಿಯ ಮೇಲೆ ಸಿಗರೇಟ್ ಲೈಟರ್ ಜಾರಿಸಿ ನುಡಿಸುತ್ತಿದ್ದ. ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಸದ್ದು ಹೊರಡಿಸುತ್ತಿದ್ದ ಎಎಂಎಂ ತಂಡದ ಕೀತ್ ರೋ ಅವನಿಗೆ ದಾರಿ ತೋರಿಸಿದವರಲ್ಲಿ ಒಬ್ಬ.

ಇನ್ನೊಂದು ಮುಖ್ಯ ಸಾಮಾನು ಇಟಲಿಯ ಬಿನ್ಸನ್ ಎಕೋರೆಕ್ ಎಂಬ ಪ್ರತಿಧ್ವನಿ ಯಂತ್ರ. ಇದು ಹೇಗೆ ಕೆಲಸ ಮಾಡುತ್ತದೆ ಗೊತ್ತಾದರೆ ಆ ಕಾಲದ ಅರ್ಧ ಹಾಡುಗಳು ಅರ್ಥವಾಗುತ್ತವೆ. ಒಳಗೆ ಒಂದು ಅಯಸ್ಕಾಂತೀಯ ಚಕ್ರ ತಿರುಗುತ್ತಿರುತ್ತದೆ. ಒಂದು ಹೆಡ್ (ಟೇಪ್ ರೆಕಾರ್ಡರ್‌ನಲ್ಲಿ ಇರುವಂಥದ್ದು) ಗಿಟಾರಿನ ಸದ್ದನ್ನು ಅದರ ಮೇಲೆ ಬರೆಯುತ್ತದೆ. ಮುಂದೆ ಸಾಲಾಗಿರುವ ಹೆಡ್‌ಗಳು ಅದನ್ನೇ ಸ್ವಲ್ಪ ಸ್ವಲ್ಪ ತಡವಾಗಿ ಓದಿ ಹೇಳುತ್ತವೆ. ಯಾವ ಹೆಡ್ ಆನ್ ಮಾಡುತ್ತೀರಿ ಎನ್ನುವುದರ ಮೇಲೆ ಪ್ರತಿಧ್ವನಿಯ ಲಯವೇ ಬದಲಾಗುತ್ತದೆ. ಪ್ರತಿಧ್ವನಿಯನ್ನು ಮತ್ತೆ ಒಳಕ್ಕೇ ತಿರುಗಿಸಿದರೆ ಸದ್ದು ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ಎರಿಕ್ ಕ್ಲಾಪ್ಟನ್ ತರಹದ ಬ್ಲೂಸ್ ಚಳಕ ಸಿಡ್‌ನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅವನು ಗಿಟಾರಿನಲ್ಲೂ ಬಣ್ಣವನ್ನೇ ಬಳಿಯುತ್ತಿದ್ದ.

‘ಇಂಟರ್‌ಸ್ಟೆಲ್ಲಾರ್ ಓವರ್‌ಡ್ರೈವ್’ ಹುಟ್ಟಿದ ರೀತಿ ಮಜವಾಗಿದೆ. ಮ್ಯಾನೇಜರ್ ಪೀಟರ್ ಜೆನ್ನರ್ ಹೆಸರು ಮರೆತುಹೋದ ಯಾವುದೋ ಹಾಡನ್ನು ಗುನುಗಿದ. ಸಿಡ್ ಅದನ್ನು ಗಿಟಾರಿನಲ್ಲಿ ಹಿಡಿಯಲು ಹೋದ. ಬಂದದ್ದು ಬೇರೆಯೇ. ಆ ಇಳಿಯುವ ಸ್ವರಸಾಲೇ ಬ್ಯಾಂಡಿನ ಗುರುತಾಯಿತು. ಲಂಡನ್ನಿನ ಯುಎಫ್‌ಒ ಕ್ಲಬ್ಬಿನಲ್ಲಿ ಅದನ್ನು ಮನಸ್ಸಿಗೆ ಬಂದಷ್ಟು ಹೊತ್ತು ಎಳೆಯುತ್ತಿದ್ದರು.

1967 ಅವನ ವರ್ಷ. ಮಾರ್ಚಿನಲ್ಲಿ ‘ಆರ್ನಾಲ್ಡ್ ಲೇನ್’ ಬಂತು. ಒಣಹಾಕಿದ ಹೆಂಗಸರ ಬಟ್ಟೆ ಕದಿಯುವವನ ಹಾಡು ಅದು, ರೇಡಿಯೋ ಲಂಡನ್ ಪ್ರಸಾರ ಮಾಡಲಿಲ್ಲ. ಆಮೇಲೆ ‘ಸೀ ಎಮಿಲಿ ಪ್ಲೇ’ ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಆಗಸ್ಟಿನಲ್ಲಿ ಮೊದಲ ಆಲ್ಬಂ ‘ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್’. ಅದರ 11 ಹಾಡುಗಳಲ್ಲಿ 8 ಸಿಡ್ ಒಬ್ಬನೇ ಬರೆದದ್ದು.

ಇಲ್ಲಿಂದ ಕೆಡುತ್ತಾ ಹೋಯಿತು. ಡ್ರಗ್ಸ್ ಒಂದು ಕಾರಣ. ನನ್ನ ಪ್ರಕಾರ ಇನ್ನೊಂದೂ ಇದೆ. ಪ್ರತಿ ಸಲ ಬೇರೆಯಾಗಿ ನುಡಿಸುವುದೇ ಅವನ ಶಕ್ತಿ. ಹಾಡು ಹಿಟ್ ಆದ ಮೇಲೆ ಜನ ಅದನ್ನೇ, ಹಾಗೇ, ಊರೂರಲ್ಲಿ ಕೇಳುತ್ತಾರೆ ಅಲ್ವಾ? ಅಮೆರಿಕ ಪ್ರವಾಸದಲ್ಲಂತೂ ಅವನು ಸ್ಟೇಜಿನ ಮೇಲೆ ಸುಮ್ನೆ ನಿಂತುಬಿಡುವುದೂ ಇತ್ತು. ಬ್ಯಾಂಡ್ ಅವನ ಹಳೆಯ ಗೆಳೆಯ ಡೇವಿಡ್ ಗಿಲ್ಮೋರ್‌ನನ್ನು ಕರೆತಂದಿತು. ಕೆಲವೇ ಕಾರ್ಯಕ್ರಮಗಳಲ್ಲಿ ಐವರೂ ಇದ್ದರು. 1968ರ ಜನವರಿಯಲ್ಲಿ ಸೌತಾಂಪ್ಟನ್ನಿಗೆ ಹೊರಟಾಗ ದಾರಿಯಲ್ಲಿ ಸಿಡ್‌ನನ್ನು ಹತ್ತಿಸಿಕೊಳ್ಳದೆ ಹೋದರು. ಏಪ್ರಿಲ್‌ನಲ್ಲಿ ಅವನು ಬ್ಯಾಂಡ್ ಬಿಟ್ಟನೆಂದು ಘೋಷಣೆಯಾಯಿತು.

1970ರಲ್ಲಿ ಎರಡು ಒಂಟಿ ಆಲ್ಬಂ ಬಂದವು: ‘ದ ಮ್ಯಾಡ್‌ಕ್ಯಾಪ್ ಲಾಫ್ಸ್’ ಮತ್ತು ‘ಬ್ಯಾರೆಟ್’. ಮೊದಲನೆಯದರಲ್ಲಿ ಅವನು ಒಬ್ಬನೇ ಹಾಡಿ ನುಡಿಸಿದ್ದರ ಮೇಲೆ ಸಾಫ್ಟ್ ಮೆಷೀನ್ ತಂಡದವರು ಆಮೇಲೆ ವಾದ್ಯ ಸೇರಿಸಿದ ಹಾಡುಗಳಿವೆ. ಸಾಲು ಎಷ್ಟುದ್ದವೋ ತಾಳವೂ ಅಷ್ಟುದ್ದ. ಆವರ್ತಕ್ಕೆ ಕೂರಿಸುವ ಚಿಂತೆಯೇ ಅವನಿಗಿಲ್ಲ. ಅದಕ್ಕೇ ಡ್ರಮ್ಸ್ ಒಂದು ಹೆಜ್ಜೆ ಹಿಂದೆ ಬಿದ್ದು ಓಡಿಬರುವ ಹಾಗೆ ಕೇಳುತ್ತದೆ. ಕಲಿಯುವವರು ಚಪ್ಪಾಳೆ ಹಾಕಿ ಎಣಿಸಿ ನೋಡಿ, ಸುಸ್ತಾಗುತ್ತೀರಿ.

1975ರ ಜೂನ್ 5ರಂದು ಪಿಂಕ್ ಫ್ಲಾಯ್ಡ್ ಅಬ್ಬೆ ರೋಡ್ ಸ್ಟುಡಿಯೋದಲ್ಲಿದ್ದಾಗ ಸಿಡ್ ಹೇಳದೆ ಕೇಳದೆ ಬಂದ. ಮೈ ದಪ್ಪಗಾಗಿತ್ತು, ತಲೆ ಹುಬ್ಬು ಎರಡೂ ಬೋಳಿಸಿದ್ದ. ಗೆಳೆಯರಿಗೆ ತಕ್ಷಣ ಗುರುತೇ ಸಿಗಲಿಲ್ಲ. ಮುಂದೆ ಕೇಂಬ್ರಿಡ್ಜ್‌ಗೆ ಮರಳಿ ರೋಜರ್ ಎಂದೇ ಬದುಕಿದ. ಚಿತ್ರ ಬರೆದ, ತೋಟ ನೋಡಿಕೊಂಡ. ಅವನ ರಾಯಲ್ಟಿ ಅವನಿಗೆ ತಲುಪುವಂತೆ ಗಿಲ್ಮೋರ್ ನಿಗಾ ಇಟ್ಟಿದ್ದ. 2006ರ ಜುಲೈ 7ರಂದು, 60ನೇ ವಯಸ್ಸಿನಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡ.

ಕೇಳಲು ಶುರು ಮಾಡುವವರು ‘ಆಸ್ಟ್ರಾನಮಿ ಡೊಮಿನೆ’ಯಿಂದ ಹೊರಡಿ, ಎಕೋರೆಕ್ ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ‘ಇಂಟರ್‌ಸ್ಟೆಲ್ಲಾರ್ ಓವರ್‌ಡ್ರೈವ್’ ಅನ್ನು ಸ್ಟೀರಿಯೋದಲ್ಲಿ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಕೊನೆಗೆ ಸದ್ದು ಒಂದು ಕಿವಿಯಿಂದ ಇನ್ನೊಂದಕ್ಕೆ ಓಲಾಡುತ್ತದೆ. ಮೋನೋ ಆವೃತ್ತಿಯಲ್ಲಿ ಅದು ಸಿಗುವುದಿಲ್ಲ.